ಎಲುಬಿನ ಲೆಕ್ಕ ಬರೆದ ವೈದ್ಯ: ಡಾ. ಫುಲ್ಲರ್ ಆಲ್‌ಬ್ರೈಟ್

ಹಳೆಯ ಮನೆಯ ಗೋಡೆಗೆ ಸುಣ್ಣ ಬಳಿದು ಹೊಸದರಂತೆ ಕಾಣಿಸಬಹುದು. ಆದರೆ ಒಳಗಿನ ತೊಲೆಗೆ ಗೆದ್ದಲು ಹಿಡಿದಿದ್ದರೆ ಆ ಮನೆ ಎಷ್ಟು ಕಾಲ ನಿಂತೀತು? ನಮ್ಮ ಶರೀರವೆಂಬ ಮನೆಗೆ ಎಲುಬುಗಳೇ ಕಂಬ, ತೊಲೆ, ಜಂತಿಗಳು. ಬೆಳೆದ ಮನುಷ್ಯನ ದೇಹದಲ್ಲಿ 206 ಎಲುಬುಗಳಿವೆ ಎಂದು ಪಾಠಪುಸ್ತಕದಲ್ಲಿ ಓದುತ್ತೇವೆ. ಅವು ಕಲ್ಲಿನಂತೆ ಜಡವಾದ ವಸ್ತುಗಳೆಂದು ಅನೇಕರು ಭಾವಿಸುವುದುಂಟು. ನಿಜಸಂಗತಿ ಬೇರೆಯೇ ಇದೆ. ಎಲುಬಿನಲ್ಲಿ ರಕ್ತ ಹರಿಯುತ್ತದೆ, ಜೀವಕೋಶಗಳು ಕೆಲಸ ಮಾಡುತ್ತಿರುತ್ತವೆ. ಹಗಲಿರುಳೂ ಹಳೆಯ ಎಲುಬು ಸ್ವಲ್ಪ ಸ್ವಲ್ಪವಾಗಿ ಕರಗುತ್ತಲೂ ಅದರ ಜಾಗದಲ್ಲಿ ಹೊಸ ಎಲುಬು ಕೂಡುತ್ತಲೂ ಇರುತ್ತದೆ. ಈ ಕೂಡುವ, ಕಳೆಯುವ ಲೆಕ್ಕ ಎಲ್ಲಿಯಾದರೂ ತಪ್ಪಿದರೆ ಎಲುಬು ಬಾಗುತ್ತದೆ, ಉಬ್ಬುತ್ತದೆ, ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಈ ಲೆಕ್ಕವನ್ನು ವ್ಯಾಪಾರಿಯ ಕಿರ್ದಿ ಪುಸ್ತಕದಷ್ಟು ಕಟ್ಟುನಿಟ್ಟಾಗಿ ಬರೆದು, ಒಂದೇ ಹೆಸರಿನಡಿಯಲ್ಲಿ ಬೆರೆತುಹೋಗಿದ್ದ ಎಲುಬಿನ ರೋಗಗಳನ್ನು ಬೇರೆಬೇರೆಯಾಗಿ ಗುರುತಿಸಿದ ಮಹನೀಯರಲ್ಲಿ ಅಮೆರಿಕದ ಡಾ. ಫುಲ್ಲರ್ ಆಲ್‌ಬ್ರೈಟ್ ಪ್ರಮುಖರು. ಪರರ ಎಲುಬಿನ ನೋವನ್ನು ಅರಿಯಲು ದುಡಿದ ಅವರು ತಮ್ಮ ಬಾಳಿನ ಬಹುಭಾಗವನ್ನು ಸ್ವತಃ ಒಂದು ಕಠಿಣ ರೋಗದ ಜತೆಗೆ ಕಳೆದರು. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಲ್‌ಬ್ರೈಟ್ ಅವರು 1900ನೆಯ ಇಸವಿ ಜನವರಿ 12ರಂದು ನ್ಯೂಯಾರ್ಕ್ ಸಂಸ್ಥಾನದ ಬಫೆಲೊ ನಗರದಲ್ಲಿ ಜನಿಸಿದರು. ಆ ಊರು ನಯಾಗರ ಜಲಪಾತಕ್ಕೆ ಸಮೀಪದಲ್ಲಿದೆ. ತಂದೆ ಜಾನ್ ಜೋಸೆಫ್ ಆಲ್‌ಬ್ರೈಟ್ ಕಲ್ಲಿದ್ದಲು, ಉಕ್ಕು ಮತ್ತು ಜಲವಿದ್ಯುತ್ತಿನ ಉದ್ಯಮಗಳಲ್ಲಿ ಹೆಸರು ಮಾಡಿದ ಶ್ರೀಮಂತರು, ಉದಾರಿಗಳು. ತಮ್ಮ ಊರಿಗೆ ಅವರು ಕಟ್ಟಿಸಿಕೊಟ್ಟ ಚಿತ್ರಕಲಾ ಮಂದಿರವು 1905ರಲ್ಲಿ ತೆರೆಯಿತು. ಇಂತಹ ಮನೆಯಲ್ಲಿ ಹುಟ್ಟಿದ ಮಗ ಉದ್ಯಮವನ್ನೇ ಮುಂದುವರಿಸಬಹುದಿತ್ತು, ಇಲ್ಲವೇ ಯಾವ ಶ್ರಮವೂ ಇಲ್ಲದೆ ಸುಖವಾಗಿ ಕಾಲ ಕಳೆಯಬಹುದಿತ್ತು. ಫುಲ್ಲರ್ ಹಾಗೆ ಮಾಡದೆ ವೈದ್ಯವೃತ್ತಿಯನ್ನು ಆರಿಸಿಕೊಂಡರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಓದಿ, ಅದೇ ವಿಶ್ವವಿದ್ಯಾನಿಲಯದ ವೈದ್ಯಶಾಲೆಯಿಂದ 1924ರಲ್ಲಿ ಪದವಿ ಪಡೆದರು. ಬಳಿಕ ಬಾಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಡಾ. ಜೋಸೆಫ್ ಆಬ್ ಎಂಬವರು ಸೀಸದ ವಿಷದಿಂದ ನರಳುವ ಕಾರ್ಮಿಕರ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಶರೀರವನ್ನು ಹೊಕ್ಕ ಸೀಸವು ಸುಣ್ಣದ ಅಂಶದ ಜಾಡಿನಲ್ಲೇ ಸಾಗಿ ಎಲುಬಿನಲ್ಲಿ ಅಡಗಿ ಕೂರುತ್ತದೆ. ಸೀಸದ ಬೆನ್ನು ಹತ್ತಿದ ಯುವಕ ಆಲ್‌ಬ್ರೈಟ್ ಹೀಗೆ ಎಲುಬಿನ ಬಾಗಿಲಿಗೆ ಬಂದು ನಿಂತರು. ಅಂದಿನಿಂದ ಅವರ ಆಸಕ್ತಿ ಅಲ್ಲಿಂದ ಕದಲಲಿಲ್ಲ.

ಮುಂದೆ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕೆಲಕಾಲ ಕೆಲಸ ಮಾಡಿದರು. ಆಮೇಲೆ ಒಂದು ವರ್ಷ ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ ಯಾಕೋಬ್ ಎರ್ಡ್‌ಹೈಮ್ ಎಂಬ ರೋಗಶಾಸ್ತ್ರಜ್ಞರಲ್ಲಿ ಶಿಷ್ಯವೃತ್ತಿ ಮಾಡಿದರು. ಎಲುಬನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಓದುವುದರಲ್ಲಿ ಎರ್ಡ್‌ಹೈಮ್ ಅವರು ಅಸಾಧಾರಣ ಪಂಡಿತರು. ಆ ಗುರುವಿನ ಬಗ್ಗೆ ಆಲ್‌ಬ್ರೈಟ್ ಅವರಿಗೆ ಕೊನೆಯವರೆಗೂ ಭಕ್ತಿಯಿತ್ತು. 1929ರಲ್ಲಿ ಅವರು ಬಾಸ್ಟನ್ನಿಗೆ ಮರಳಿ, ಮುಂದಿನ ಬಾಳನ್ನೆಲ್ಲ ಅದೊಂದೇ ಆಸ್ಪತ್ರೆಯಲ್ಲಿ ಸವೆಸಿದರು.

ಹತ್ತು ಹಾಸಿಗೆಗಳ ವಾರ್ಡು

ಆ ಆಸ್ಪತ್ರೆಯಲ್ಲಿ ನಾಲ್ಕನೆಯ ವಾರ್ಡು ಎಂಬ ವಿಶೇಷ ವಿಭಾಗವಿತ್ತು. 1925ರಲ್ಲಿ ತೆರೆದ ಅದರಲ್ಲಿ ಇದ್ದುದು ಹತ್ತೇ ಹಾಸಿಗೆ. ಬೇರೆಲ್ಲೂ ಬಗೆಹರಿಯದ ರೋಗಿಗಳನ್ನು ಅಲ್ಲಿ ವಾರಗಟ್ಟಲೆ ಇರಿಸಿಕೊಂಡು ಪರೀಕ್ಷಿಸುತ್ತಿದ್ದರು. ರೋಗಿ ತಿಂದ ಪ್ರತಿಯೊಂದು ತುತ್ತನ್ನೂ ತೂಗಿ ಬರೆಯಬೇಕು. ದೇಹದಿಂದ ಹೊರಹೋಗುವುದನ್ನೆಲ್ಲ ಸಂಗ್ರಹಿಸಿ ಅದರಲ್ಲಿರುವ ಸುಣ್ಣ ಎಷ್ಟು, ರಂಜಕ ಎಷ್ಟು ಎಂದು ಅಳೆಯಬೇಕು. ಒಳಬಂದದ್ದು ಜಮೆ, ಹೊರಹೋದದ್ದು ಖರ್ಚು. ಖರ್ಚು ಹೆಚ್ಚಾದರೆ ಎಲುಬು ಸವೆಯುತ್ತಿದೆ ಎಂದು ಅರ್ಥ. ಕೇಳಲು ಸರಳವಾದರೂ ದಾದಿಯರಿಗೂ ಅಡುಗೆಯವರಿಗೂ ಪ್ರಯೋಗಶಾಲೆಯವರಿಗೂ ಇದು ತಾಳ್ಮೆಯನ್ನು ಪರೀಕ್ಷಿಸುವ ಕೆಲಸ. ಒಂದು ದಿನದ ಅಳತೆ ತಪ್ಪಿದರೂ ಇಡೀ ಲೆಕ್ಕ ಕೆಡುತ್ತಿತ್ತು. ಏನನ್ನಾದರೂ ಅಳೆಯದೆ ಅಭಿಪ್ರಾಯ ಹೇಳಬಾರದೆಂಬ ಪಾಠವನ್ನು ಆಲ್‌ಬ್ರೈಟ್ ತಮ್ಮ ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದರು.

ಈ ಆಸ್ಪತ್ರೆಗೆ ಬಂದ ರೋಗಿಗಳಲ್ಲಿ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನ ಕಥೆ ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಎತ್ತರದ, ಗಟ್ಟಿಮುಟ್ಟಾದ ಆ ನಾವಿಕನ ಎಲುಬುಗಳು ಮೆತ್ತಗಾಗಿ, ಹಲವು ಸಲ ಮುರಿದು, ಅವನ ಎತ್ತರವೇ ಸುಮಾರು ಏಳು ಇಂಚು ಕುಗ್ಗಿಹೋಗಿತ್ತು. ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ತೊಗರಿಕಾಳಿನಷ್ಟು ಚಿಕ್ಕದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಸುಣ್ಣದ ಅಂಶ ಎಷ್ಟಿರಬೇಕೆಂದು ನೋಡಿಕೊಳ್ಳುವುದು ಇವುಗಳ ಕೆಲಸ. ಇವುಗಳಲ್ಲೊಂದರಲ್ಲಿ ಗೆಡ್ಡೆ ಬೆಳೆದರೆ ಹಾರ್ಮೋನು ಮಿತಿಮೀರಿ ಸುರಿದು, ಎಲುಬಿನ ಸುಣ್ಣವೆಲ್ಲ ಕರಗಿ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಕಲ್ಲಾಗುತ್ತದೆ. ಕಪ್ತಾನನಿಗೆ ಆದದ್ದು ಇದೇ.

ಅವನ ಕುತ್ತಿಗೆಯನ್ನು ಮರಳಿ ಮರಳಿ ಕೊಯ್ದು ನೋಡಿದರೂ ಗೆಡ್ಡೆ ಸಿಗಲಿಲ್ಲ. ಕಪ್ತಾನನು ತಾನೇ ಗ್ರಂಥಾಲಯಕ್ಕೆ ಹೋಗಿ ತನ್ನ ರೋಗದ ಬಗ್ಗೆ ಓದಿಕೊಂಡು, ಎದೆಯ ಗೂಡಿನಲ್ಲಿಯೂ ಹುಡುಕಬೇಕೆಂದು ಒತ್ತಾಯಿಸಿದನು. ಕೊನೆಗೆ 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ಎದೆಯ ಒಳಗೇ ಸಿಕ್ಕಿತು. ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಕೆಟ್ಟಿದ್ದುದರಿಂದ ಅವನು ಕೆಲವೇ ವಾರಗಳಲ್ಲಿ ತೀರಿಕೊಂಡನು. ಅವನು ತನ್ನ ದೇಹದಿಂದ ಕಲಿಸಿದ ಪಾಠ ಮುಂದೆ ಎಷ್ಟೋ ರೋಗಿಗಳ ಜೀವ ಉಳಿಸಿತು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಆಲ್‌ಬ್ರೈಟ್ ಕೂಡ ಒಬ್ಬರು.

ಬೇರೆಯೇ ರೋಗ, ಬೇರೆಯೇ ದಾರಿ

ಇಂತಹ ಗೆಡ್ಡೆಗಳನ್ನು ತೆಗೆದರೆ ಎಲುಬು ಚೇತರಿಸಿಕೊಳ್ಳುವುದೆಂದು ಗೊತ್ತಾದ ಮೇಲೆ ಹೊಸದೊಂದು ತೊಂದರೆ ಹುಟ್ಟಿಕೊಂಡಿತು. ಕ್ಷ-ಕಿರಣದ ಚಿತ್ರದಲ್ಲಿ ಎಲುಬಿನೊಳಗೆ ಟೊಳ್ಳಾದಂತೆ, ಮಬ್ಬಾದಂತೆ ಕಂಡಾಗಲೆಲ್ಲ ಕುತ್ತಿಗೆಯಲ್ಲಿ ಗೆಡ್ಡೆ ಇರಬೇಕೆಂದು ವೈದ್ಯರು ಊಹಿಸತೊಡಗಿದರು. ಕೆಲವರ ಕುತ್ತಿಗೆಯನ್ನು ಕೊಯ್ದು ಹುಡುಕಿದರೆ ಗ್ರಂಥಿಗಳು ಸಹಜವಾಗಿಯೇ ಇರುತ್ತಿದ್ದವು. ಕಪ್ತಾನನಲ್ಲಿ ಗೆಡ್ಡೆ ಬೇರೆಡೆ ಅಡಗಿತ್ತು. ಇವರಲ್ಲಿ ಗೆಡ್ಡೆಯೇ ಇರಲಿಲ್ಲ. ಹಾಗಾದರೆ ಇವರ ಎಲುಬು ಮುರಿಯುತ್ತಿದ್ದುದೇಕೆ?

ಆಲ್‌ಬ್ರೈಟ್ ಅವರು ಇಂತಹ ರೋಗಿಗಳ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡರು. ಗ್ರಂಥಿಯ ಗೆಡ್ಡೆ ಇರುವವರ ರಕ್ತದಲ್ಲಿ ಸುಣ್ಣ ಹೆಚ್ಚಾಗಿಯೂ ರಂಜಕ ಕಡಿಮೆಯಾಗಿಯೂ ಇರುತ್ತದೆ. ಇವರ ರಕ್ತದಲ್ಲಿ ಸುಣ್ಣ ಸರಿಯಾಗಿಯೇ ಇತ್ತು. ಗೆಡ್ಡೆಯಿಂದ ಬಂದ ರೋಗವಾದರೆ ಮೈಯ ಎಲುಬುಗಳೆಲ್ಲ ಒಟ್ಟಿಗೆ ಸವೆಯಬೇಕು. ಇವರಲ್ಲಿ ಕೆಲವೇ ಎಲುಬುಗಳು ಕೆಟ್ಟಿದ್ದು, ಅವುಗಳ ಪಕ್ಕದಲ್ಲಿದ್ದ ಎಲುಬು ಚೆನ್ನಾಗಿಯೇ ಇತ್ತು. ಎಷ್ಟೋ ವೇಳೆ ಮೈಯ ಒಂದು ಪಾರ್ಶ್ವದಲ್ಲೇ ರೋಗ ಹೆಚ್ಚಾಗಿ ಕಾಣುತ್ತಿತ್ತು.

ಇಷ್ಟಕ್ಕೆ ನಿಲ್ಲದೆ ಅವರು ರೋಗಿಯ ಮೈಯನ್ನೆಲ್ಲ ಗಮನವಿಟ್ಟು ನೋಡಿದರು. ಚರ್ಮದ ಮೇಲೆ ಅಲ್ಲಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ದೊಡ್ಡ ಮಚ್ಚೆಗಳಿದ್ದವು. ಕೆಲವು ಹೆಣ್ಣುಮಕ್ಕಳಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತೀರ ಎಳೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿದ್ದವು. ಎಲುಬು, ಚರ್ಮ, ಗ್ರಂಥಿ ಈ ಮೂರಕ್ಕೂ ಮೇಲುನೋಟಕ್ಕೆ ಯಾವ ನಂಟೂ ಇಲ್ಲ. ಎಲುಬಿನ ವೈದ್ಯ ಎಲುಬನ್ನೂ ಚರ್ಮದ ವೈದ್ಯ ಮಚ್ಚೆಯನ್ನೂ ಮಾತ್ರ ನೋಡಿದ್ದರೆ ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸುವುದು ಆಗುತ್ತಿರಲಿಲ್ಲ. 1937ರಲ್ಲಿ ಆಲ್‌ಬ್ರೈಟ್ ಅವರು ಅಲನ್ ಬಟ್ಲರ್, ಕ್ಷ-ಕಿರಣ ತಜ್ಞ ಆಬ್ರಿ ಹ್ಯಾಂಪ್ಟನ್ ಮತ್ತು ಪ್ಯಾಟ್ರಿಶಿಯ ಸ್ಮಿತ್ ಅವರ ಜತೆಗೂಡಿ ಐವರು ರೋಗಿಗಳ ವಿವರವನ್ನು ಪ್ರಕಟಿಸಿ, ಇದು ಪ್ರತ್ಯೇಕವಾದ ರೋಗವೆಂದು ಸಾರಿದರು. ಸುಮಾರು ಅದೇ ಸಮಯದಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಡಾನವನ್ ಮೆಕ್ಯೂನ್ ಸಹ ಇಂತಹ ರೋಗವನ್ನು ವರ್ಣಿಸಿದ್ದರು. ಆದ್ದರಿಂದ ಇಬ್ಬರ ಹೆಸರನ್ನೂ ಸೇರಿಸಿ ಇದನ್ನು ಮೆಕ್ಯೂನ್-ಆಲ್‌ಬ್ರೈಟ್ ರೋಗ ಎಂದು ಕರೆಯುತ್ತಾರೆ.

ಚರ್ಮದ ಲಕ್ಷಣವಿಲ್ಲದೆ ಎಲುಬಿನಲ್ಲಿ ಮಾತ್ರ ಈ ದೋಷ ಇರುವವರೂ ಇದ್ದಾರೆ. ನ್ಯೂಯಾರ್ಕಿನ ಲೂಯಿಸ್ ಲಿಕ್ಟನ್‌ಸ್ಟೈನ್ 1938ರಲ್ಲಿ ಈ ಎಲುಬಿನ ದೋಷಕ್ಕೆ ಫೈಬ್ರಸ್ ಡಿಸ್‌ಪ್ಲೇಸಿಯ ಎಂಬ ಹೆಸರನ್ನು ಕೊಟ್ಟರು. ಅವರೂ ಹೆನ್ರಿ ಜಾಫೆ ಅವರೂ ಕೂಡಿ 1942ರಲ್ಲಿ ಅದನ್ನು ಇನ್ನಷ್ಟು ವಿಸ್ತಾರವಾಗಿ ವಿವರಿಸಿದರು. ನಮ್ಮ ಮಾತಿನಲ್ಲಿ ಇದನ್ನು ಎಲುಬಿನ ನಾರು ರೋಗ ಎನ್ನಬಹುದು. ಎಲುಬನ್ನು ಕಟ್ಟಬೇಕಾದ ಕೋಶಗಳು ಪೂರ್ತಿ ಬೆಳೆಯದೆ ಉಳಿದು, ಗಟ್ಟಿ ಎಲುಬಿನ ಬದಲು ನಾರಿನಂತಹ ಅಂಗಾಂಶವನ್ನೂ ನಡುನಡುವೆ ಸೊಟ್ಟಗಿನ ತೆಳ್ಳನೆಯ ಎಲುಬಿನ ಚೂರುಗಳನ್ನೂ ಕಟ್ಟುತ್ತವೆ. ಮೇಸ್ತ್ರಿ ಕಲ್ಲಿನ ಬದಲು ತೆಂಗಿನ ನಾರು ತುಂಬಿಸಿ ಕಂಬ ಕಟ್ಟಿದರೆ ಹೇಗಿರುತ್ತದೆಯೋ ಹಾಗೆ. ಇದು ಒಂದೇ ಎಲುಬಿನಲ್ಲಿ ಇರಬಹುದು, ಹಲವು ಎಲುಬುಗಳಲ್ಲಿಯೂ ಇರಬಹುದು.

ಈ ಅರಿವಿನಿಂದ ಆದ ಲಾಭ ದೊಡ್ಡದು. ಇದಕ್ಕೆ ಔಷಧ ಆಗ ದೊರೆಯಲಿಲ್ಲ, ನಿಜ. ಆದರೆ ರೋಗದ ಸರಿಯಾದ ಹೆಸರು ಗೊತ್ತಾದುದರಿಂದ, ಇಲ್ಲದ ಗೆಡ್ಡೆಯನ್ನು ಹುಡುಕಿ ಕುತ್ತಿಗೆ ಕೊಯ್ಯುವುದು ತಪ್ಪಿತು. ಮಾಡಬಾರದ ಚಿಕಿತ್ಸೆಯನ್ನು ಮಾಡದಿರುವುದೂ ಚಿಕಿತ್ಸೆಯ ಒಂದು ಭಾಗವೇ ಅಲ್ಲವೆ?

ಹುಂಜ ಕಲಿಸಿದ ಪಾಠ

1942ರಲ್ಲಿ ಆಲ್‌ಬ್ರೈಟ್ ಇನ್ನೊಂದು ಒಗಟನ್ನು ಬಿಡಿಸಿದರು. ಕೆಲವು ರೋಗಿಗಳು ಕುಳ್ಳಗಿದ್ದು, ದುಂಡು ಮುಖದವರಾಗಿದ್ದು, ಅವರ ಕೈಯ ಕೆಲವು ಎಲುಬುಗಳು ಗಿಡ್ಡವಾಗಿದ್ದವು. ಅವರ ರಕ್ತದಲ್ಲಿ ಸುಣ್ಣ ಕಡಿಮೆಯಾಗಿ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದವು. ಪ್ಯಾರಾಥೈರಾಯ್ಡ್ ಹಾರ್ಮೋನಿನ ಕೊರತೆಯೇ ಕಾರಣವಿರಬೇಕೆಂದು ಅದನ್ನು ಚುಚ್ಚಿದರೆ ಯಾವ ಪರಿಣಾಮವೂ ಕಾಣಲಿಲ್ಲ. ಆಗ ಆಲ್‌ಬ್ರೈಟ್ ಅವರಿಗೆ ಹೊಸದೊಂದು ಆಲೋಚನೆ ಹೊಳೆಯಿತು. ಹಾರ್ಮೋನು ಕಡಿಮೆ ಇಲ್ಲ, ಅದರ ಮಾತನ್ನು ದೇಹ ಕೇಳುತ್ತಿಲ್ಲ! ಅಂಚೆಯವನು ಓಲೆ ತಂದಿದ್ದಾನೆ, ಮನೆಯವರು ಬಾಗಿಲು ತೆರೆಯುತ್ತಿಲ್ಲ.

ಸೀಬ್ರೈಟ್ ಬ್ಯಾಂಟಮ್ ಎಂಬ ಜಾತಿಯ ಕೋಳಿಯಲ್ಲಿ ಹುಂಜಕ್ಕೂ ಹೇಂಟೆಯಂತಹ ಗರಿಗಳೇ ಬರುತ್ತವೆ. ಗಂಡು ಹಾರ್ಮೋನು ಇದ್ದರೂ ಗರಿಗಳು ಅದಕ್ಕೆ ಓಗೊಡುವುದಿಲ್ಲವೆಂದು ಆಗ ನಂಬಿದ್ದರು. ಆದುದರಿಂದ ಆಲ್‌ಬ್ರೈಟ್ ಈ ರೋಗಕ್ಕೆ ಆ ಕೋಳಿಯ ಹೆಸರನ್ನೇ ಇಟ್ಟರು. ಕೋಳಿಯ ವಿಷಯದಲ್ಲಿ ಕಾರಣ ಬೇರೆ ಎಂದು ಆಮೇಲೆ ತಿಳಿಯಿತು. ಆದರೆ ಮನುಷ್ಯರ ಬಗೆಗಿನ ಅವರ ತೀರ್ಮಾನ ಸರಿಯಾಗಿಯೇ ಉಳಿಯಿತು. ಹಾರ್ಮೋನಿಗೆ ದೇಹ ಓಗೊಡದಿರುವುದರಿಂದಲೂ ರೋಗ ಬರಬಹುದೆಂಬ ವಿಚಾರ ವೈದ್ಯಶಾಸ್ತ್ರಕ್ಕೆ ಹೊಸ ದಾರಿ ತೋರಿತು.

ಮುಟ್ಟು ನಿಂತ ಮಹಿಳೆಯರಲ್ಲಿ ಬೆನ್ನೆಲುಬು ಸವೆದು ಬಾಗುವುದಕ್ಕೆ ಹೆಣ್ಣು ಹಾರ್ಮೋನಿನ ಕೊರತೆಯೇ ಮುಖ್ಯ ಕಾರಣವೆಂದು 1940ರ ಸುಮಾರಿಗೆ ತೋರಿಸಿಕೊಟ್ಟವರೂ ಅವರೇ. ನಮ್ಮ ಅಜ್ಜಿಯಂದಿರ ಗೂನುಬೆನ್ನು ಕೇವಲ ವಯಸ್ಸಿನ ಫಲವಲ್ಲವೆಂದು ಅದರಿಂದ ತಿಳಿದುಬಂತು. 1948ರಲ್ಲಿ ಎಡ್ವರ್ಡ್ ರೈಫನ್‌ಸ್ಟೈನ್ ಅವರ ಜತೆಗೆ ಅವರು ಬರೆದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮತ್ತು ಎಲುಬಿನ ರೋಗಗಳ ಕುರಿತ ಗ್ರಂಥವು ಬಹುಕಾಲ ವೈದ್ಯರಿಗೆ ಆಧಾರವಾಗಿತ್ತು.

ಅವರ ಹೃದಯ ವೈಶಾಲ್ಯಕ್ಕೆ ಒಂದು ಉದಾಹರಣೆ ಸಾಕು. ಹ್ಯಾರಿ ಕ್ಲೈನ್‌ಫೆಲ್ಟರ್ ಎಂಬ ಯುವ ವೈದ್ಯ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದಾಗ ಇನ್ನೊಂದು ಹೊಸ ರೋಗದ ವಿವರ ಸಿದ್ಧವಾಯಿತು. 1942ರಲ್ಲಿ ಅದು ಪ್ರಕಟವಾದಾಗ ಆಲ್‌ಬ್ರೈಟ್ ಆ ಯುವಕನ ಹೆಸರನ್ನು ಮೊದಲಲ್ಲಿ ಹಾಕಿಸಿ ತಮ್ಮದನ್ನು ಕೊನೆಯಲ್ಲಿ ಇಟ್ಟರು. ಇಂದಿಗೂ ಆ ರೋಗವು ಕ್ಲೈನ್‌ಫೆಲ್ಟರ್ ಅವರ ಹೆಸರಿನಲ್ಲೇ ಇದೆ.

ನಡುಗುವ ಕೈ, ನಡುಗದ ಮನಸ್ಸು

ಇವೆಲ್ಲವನ್ನೂ ಆಲ್‌ಬ್ರೈಟ್ ಆರೋಗ್ಯವಂತರಾಗಿದ್ದು ಮಾಡಿದರೆಂದು ತಿಳಿಯಬಾರದು. 1933ರಲ್ಲಿ ಕ್ಲೇರ್ ಬರ್ಜ್ ಎಂಬವರನ್ನು ಮದುವೆಯಾಗಿ, ಮುಂದೆ ಇಬ್ಬರು ಗಂಡುಮಕ್ಕಳ ತಂದೆಯಾದರು. ಆದರೆ ಮೂವತ್ತೇಳು ವಯಸ್ಸು ತುಂಬುವ ಹೊತ್ತಿಗೆ, ನಾರು ರೋಗದ ಲೇಖನ ಪ್ರಕಟವಾದ ಆ ದಿನಗಳಲ್ಲಿಯೇ, ಅವರಿಗೆ ಪಾರ್ಕಿನ್‌ಸನ್ ರೋಗ ಅಂಟಿಕೊಂಡಿತ್ತು. ನಮ್ಮಲ್ಲಿ ಇದನ್ನು ಕಂಪವಾತ ಎನ್ನುತ್ತಾರೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ, ಮಾತು ತೊದಲುತ್ತದೆ. ವರ್ಷ ಕಳೆದಂತೆ ರೋಗ ಏರುತ್ತ ಹೋಯಿತು. ಬರೆಯುವುದು ಕಷ್ಟವಾಯಿತು. ಅವರ ಮಾತು ಹೊಸಬರಿಗೆ ಅರ್ಥವಾಗದಷ್ಟು ಅಸ್ಪಷ್ಟವಾಯಿತು. ಜತೆಯಲ್ಲಿದ್ದ ಕಿರಿಯ ವೈದ್ಯರು ಆ ಮಾತನ್ನು ಕೇಳಿ ರೋಗಿಗಳಿಗೆ ತಿಳಿಸಿ ಹೇಳುತ್ತಿದ್ದರು. ದಿನನಿತ್ಯದ ಓಡಾಟಕ್ಕೂ ಅವರ ನೆರವು ಬೇಕಾಯಿತು. ಗುರುವಿನ ಸೇವೆ ಅವರಿಗೆ ಹೊರೆಯೆನಿಸಲಿಲ್ಲ, ಅಲ್ಲಿ ಕಲಿಯಬೇಕೆಂದು ದೂರದೂರದಿಂದ ಯುವಕರು ಬರುತ್ತಲೇ ಇದ್ದರು.

ಸುಮಾರು ಇಪ್ಪತ್ತು ವರ್ಷ ಅವರು ಹೀಗೆಯೇ ರೋಗಿಗಳನ್ನು ನೋಡಿದರು, ಶಿಷ್ಯರಿಗೆ ಕಲಿಸಿದರು. ಹೆಸರಾದ ಅವರ ಸಂಶೋಧನೆಗಳಲ್ಲಿ ಬಹುಪಾಲು ಈ ಅವಧಿಗೆ ಸೇರಿದವು ಎಂಬುದನ್ನು ನಾವು ನೆನಪಿಡಬೇಕು.

1956ರಲ್ಲಿ ಅವರು ಒಂದು ದೊಡ್ಡ ನಿರ್ಧಾರ ಮಾಡಿದರು. ಮಿದುಳಿನ ಒಂದು ಭಾಗಕ್ಕೆ ಮದ್ಯಸಾರವನ್ನು ಚುಚ್ಚಿ ನಡುಕವನ್ನು ನಿಲ್ಲಿಸುವ ಹೊಸ ಶಸ್ತ್ರಚಿಕಿತ್ಸೆಯನ್ನು ಆಗ ನ್ಯೂಯಾರ್ಕಿನಲ್ಲಿ ಮಾಡುತ್ತಿದ್ದರು. ಅದು ಇನ್ನೂ ಪ್ರಯೋಗದ ಹಂತದಲ್ಲಿತ್ತು, ಅಪಾಯವೂ ಇತ್ತು. ಅದನ್ನು ಬಲ್ಲ ಆಲ್‌ಬ್ರೈಟ್ ತಾವಾಗಿಯೇ ಅದಕ್ಕೆ ಒಪ್ಪಿಕೊಂಡರು. ಆದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರ ಪ್ರಜ್ಞೆ ತಪ್ಪಿತು. ಅದು ಮತ್ತೆ ಮರಳಲಿಲ್ಲ. ತಾವು ಬಾಳೆಲ್ಲ ದುಡಿದ ಅದೇ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಹದಿಮೂರು ವರ್ಷ ಮಾತಿಲ್ಲದೆ ಮಲಗಿದ್ದು, 1969ರ ದಶಂಬರ 8ರಂದು ಕೊನೆಯುಸಿರೆಳೆದರು. ಆಸ್ಪತ್ರೆಯ ದಾದಿಯರು ಅಷ್ಟೂ ವರ್ಷ ಅವರನ್ನು ಜೋಪಾನವಾಗಿ ನೋಡಿಕೊಂಡರು. ಪಾರ್ಕಿನ್‌ಸನ್ ರೋಗಕ್ಕೆ ಲೀವೊಡೋಪ ಎಂಬ ಔಷಧವು ಪರಿಣಾಮಕಾರಿಯೆಂದು 1967ರ ಬಳಿಕ ಸ್ಥಿರಪಟ್ಟಿತು. ಅವರು ಅರಿವಿಲ್ಲದೆ ಮಲಗಿದ್ದ ವರ್ಷಗಳಲ್ಲೇ ಆ ಔಷಧ ಬಂತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಎರಡು ರೋಗ, ಒಂದೇ ಬೀಜ

ಆಲ್‌ಬ್ರೈಟ್ ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ ಒಂದು ಸೋಜಿಗದ ಸಂಗತಿ ಬೆಳಕಿಗೆ ಬಂತು. ಹಾರ್ಮೋನಿನ ಸಂದೇಶವನ್ನು ಕೋಶದ ಒಳಕ್ಕೆ ಮುಟ್ಟಿಸುವ ಒಂದು ಪ್ರೋಟೀನು ಇದೆ. ಅದನ್ನು ತಯಾರಿಸುವ ಜೀನಿಗೆ ಜಿನಾಸ್ ಎಂದು ಹೆಸರು. ಹುಂಜದ ಹೆಸರಿಟ್ಟ ರೋಗವುಳ್ಳ ಕುಟುಂಬಗಳಲ್ಲಿ ಈ ಜೀನು ಕೆಟ್ಟು ಕೆಲಸ ಮಾಡುವುದಿಲ್ಲವೆಂದು 1990ರಲ್ಲಿ ಗೊತ್ತಾಯಿತು. ಮರುವರ್ಷ, 1991ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲೀ ವೈನ್‌ಸ್ಟೈನ್, ಅಲನ್ ಸ್ಪೀಗೆಲ್ ಮತ್ತು ಸಂಗಡಿಗರು ಮೆಕ್ಯೂನ್-ಆಲ್‌ಬ್ರೈಟ್ ರೋಗಿಗಳನ್ನು ಪರೀಕ್ಷಿಸಿದರೆ ಅಲ್ಲಿಯೂ ದೋಷವಿದ್ದುದು ಅದೇ ಜೀನಿನಲ್ಲಿ! ವ್ಯತ್ಯಾಸವಿಷ್ಟೆ. ಒಂದರಲ್ಲಿ ದೀಪದ ಸ್ವಿಚ್ಚು ಒತ್ತಿದರೂ ಹತ್ತುವುದಿಲ್ಲ. ಇನ್ನೊಂದರಲ್ಲಿ ಹತ್ತಿದ ದೀಪ ಆರುವುದೇ ಇಲ್ಲ. ಜೀನೆಂದರೆ ಏನೆಂಬ ಸ್ಪಷ್ಟ ಅರಿವು ಇಲ್ಲದ ಕಾಲದಲ್ಲಿ, ಕಣ್ಣು, ತಕ್ಕಡಿ, ಲೆಕ್ಕದ ಪುಸ್ತಕ ಇಷ್ಟರಿಂದಲೇ ಆಲ್‌ಬ್ರೈಟ್ ಒಂದೇ ಬೇರಿನ ಎರಡು ಕೊಂಬೆಗಳನ್ನು ಗುರುತಿಸಿದ್ದರು.

ನಾರು ರೋಗದ ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಬಂದದ್ದಲ್ಲ. ಗರ್ಭ ಕಟ್ಟಿದ ಮೇಲೆ, ಭ್ರೂಣವು ಕೆಲವೇ ಕೋಶಗಳ ಮುದ್ದೆಯಾಗಿರುವಾಗ, ಒಂದು ಕೋಶದಲ್ಲಿ ಆಕಸ್ಮಿಕವಾಗಿ ಈ ಬದಲಾವಣೆ ಆಗುತ್ತದೆ. ಆ ಕೋಶದ ಸಂತತಿ ಮೈಯಲ್ಲಿ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಿ ಮಾತ್ರ ರೋಗ ತೋರುತ್ತದೆ. ಎಲುಬಿಗೆ ಹೋದರೆ ನಾರು, ಚರ್ಮಕ್ಕೆ ಹೋದರೆ ಮಚ್ಚೆ, ಗ್ರಂಥಿಗೆ ಹೋದರೆ ಹಾರ್ಮೋನಿನ ಏರುಪೇರು. ಆಲ್‌ಬ್ರೈಟ್ ಕಂಡ ಮೂರು ಲಕ್ಷಣಗಳ ನಂಟು ಇದೇ.

ಇಂದಿನ ಪರೀಕ್ಷೆ ಮತ್ತು ಚಿಕಿತ್ಸೆ

ಈಗ ವೈದ್ಯರು ಈ ರೋಗವನ್ನು ಗುರುತಿಸುವ ರೀತಿಯನ್ನು ಸಂಕ್ಷೇಪವಾಗಿ ತಿಳಿಯೋಣ. ಕ್ಷ-ಕಿರಣದ ಚಿತ್ರದಲ್ಲಿ ರೋಗವಿರುವ ಭಾಗವು ಉಜ್ಜಿದ ಗಾಜಿನಂತೆ ಮಬ್ಬಾಗಿ ಕಾಣುತ್ತದೆ. ತೊಡೆಯ ಎಲುಬಿನ ಮೇಲ್ತುದಿ ಭಾರ ತಾಳಲಾರದೆ ಬಾಗಿ, ಕುರಿಗಾಹಿಯ ಕೊಕ್ಕೆಕೋಲಿನ ಆಕಾರ ತಾಳುವುದುಂಟು. ಮೈಯಲ್ಲಿ ಬೇರೆಲ್ಲಿ ರೋಗವಿದೆಯೆಂದು ಅರಿಯಲು ಎಲುಬಿನ ಸ್ಕ್ಯಾನ್, ತಲೆಬುರುಡೆಯ ವಿವರಕ್ಕೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಸಂಶಯವಿದ್ದರೆ ಎಲುಬಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರಕ್ತದಲ್ಲಿ ಸುಣ್ಣ, ರಂಜಕ ಮತ್ತು ಹಾರ್ಮೋನುಗಳನ್ನು ಅಳೆಯುತ್ತಾರೆ. ಚರ್ಮದ ಮಚ್ಚೆಯ ಅಂಚನ್ನೂ ನೋಡುತ್ತಾರೆ. ಈ ರೋಗದ ಮಚ್ಚೆಗೆ ಅಂಕುಡೊಂಕಾದ ಅಂಚು. ಅಮೆರಿಕದ ಮೇಯ್ನ್ ಸಂಸ್ಥಾನದ ಕಡಲಕರೆ ಹಾಗೆಯೇ ಅಂಕುಡೊಂಕಾಗಿರುವುದರಿಂದ ವೈದ್ಯ ವಿದ್ಯಾರ್ಥಿಗಳು ಆ ಹೋಲಿಕೆಯನ್ನು ನೆನಪಿಟ್ಟುಕೊಳ್ಳುತ್ತಾರೆ.

ಬುಡದಿಂದಲೇ ಈ ರೋಗವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದರೆ ಮಾಡಬಹುದಾದುದು ಬಹಳಷ್ಟಿದೆ. ಒಂದೇ ಎಲುಬಿನಲ್ಲಿದ್ದು ನೋವು ಕೊಡದಿದ್ದರೆ ಆಗಾಗ್ಗೆ ಪರೀಕ್ಷಿಸುತ್ತಿದ್ದರೆ ಸಾಕಾಗಬಹುದು. ಬಾಗಿದ ತೊಡೆಯ ಎಲುಬನ್ನು ನೇರಗೊಳಿಸಿ ಒಳಗೆ ಲೋಹದ ಸಲಾಕೆಯನ್ನು ತೂರಿಸಿ ಬಲಪಡಿಸುತ್ತಾರೆ. ರೋಗದ ಭಾಗವನ್ನು ಕೆರೆದು ಬೇರೆಡೆಯ ಮೆದು ಎಲುಬನ್ನು ತುಂಬಿದರೆ ಅದೂ ಕಾಲಕ್ರಮದಲ್ಲಿ ಕರಗಿ ನಾರಾಗುವುದರಿಂದ ಆ ಕ್ರಮವನ್ನು ಹೆಚ್ಚಾಗಿ ನಂಬುವುದಿಲ್ಲ. ಬಿಸ್‌ಫಾಸ್ಫೊನೇಟ್ ಎಂಬ ಔಷಧಗಳು ಕೆಲವರಿಗೆ ನೋವನ್ನು ತಗ್ಗಿಸುತ್ತವೆ. ರಂಜಕ, ಡಿ ಜೀವಸತ್ವ ಕಡಿಮೆ ಇದ್ದರೆ ಅದನ್ನು ಸರಿಪಡಿಸಬೇಕು. ಹಾರ್ಮೋನಿನ ತೊಂದರೆಗೆ ಬೇರೆ ಚಿಕಿತ್ಸೆ ಇದೆ. ತಲೆಬುರುಡೆಯಲ್ಲಿ ರೋಗವಿದ್ದವರು ಕಣ್ಣು, ಕಿವಿಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ವಿಕಿರಣ ಚಿಕಿತ್ಸೆ ಮಾತ್ರ ಕೂಡದು, ಅದರಿಂದ ಏಡಿಗಂತಿ ಹುಟ್ಟುವ ಅಪಾಯವಿದೆ.

ಪೋಷಕರಲ್ಲಿ ನಮ್ಮದೊಂದು ಬಿನ್ನಹವಿದೆ. ಮಗುವಿನ ಎಲುಬು ಸಣ್ಣ ಬೀಳುವಿಕೆಗೇ ಮುರಿದರೆ, ಅದೇ ಜಾಗ ಎರಡನೆಯ ಬಾರಿ ಮುರಿದರೆ, ಮಗು ಕಾರಣವಿಲ್ಲದೆ ಕುಂಟಿದರೆ, ಮುಖದ ಒಂದು ಪಕ್ಕ ಮೆಲ್ಲಮೆಲ್ಲನೆ ಉಬ್ಬಿದರೆ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ ಸುಮ್ಮನಿರಬಾರದು. ವೈದ್ಯರಲ್ಲಿಗೆ ಕರೆದೊಯ್ದು ಕ್ಷ-ಕಿರಣದ ಚಿತ್ರ ತೆಗೆಸಬೇಕು. ಮೈಮೇಲೆ ಮಚ್ಚೆಯಿದ್ದರೆ ಅದನ್ನೂ ಮರೆಯದೆ ತೋರಿಸಬೇಕು. ಮಚ್ಚೆಗಳು ಹಲವರಲ್ಲಿರುತ್ತವೆ, ಮಚ್ಚೆ ಇದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಇನ್ನು ಇಂತಹ ಮಗು ಹುಟ್ಟಿದಾಗ ಗ್ರಹಣದ ದಿನ ತಾಯಿ ಹೊರಗೆ ಬಂದಳೆಂದೋ ಯಾರದೋ ಶಾಪವೆಂದೋ ಹೇಳಿ ಆ ತಾಯಿಯನ್ನು ನೋಯಿಸಬಾರದು. ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಇದು ಅಂಟುವ ರೋಗವಲ್ಲ, ವಂಶದಲ್ಲಿ ಇಳಿದುಬರುವುದೂ ಅಲ್ಲ.

ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ಕುಂಟುವ ಗೆಳೆಯನಿದ್ದರೆ, ಮುಖ ಸ್ವಲ್ಪ ಓರೆಯಾದ ಗೆಳತಿಯಿದ್ದರೆ ಅಡ್ಡಹೆಸರಿಟ್ಟು ಕರೆಯಬೇಡಿ. ಅವರ ಚೀಲವನ್ನು ಸ್ವಲ್ಪ ದೂರ ಹೊತ್ತುಕೊಡಿ, ಆಟದಲ್ಲಿ ಅವರಿಗೂ ಒಂದು ಪಾಲು ಇರಲಿ. ಆಲ್‌ಬ್ರೈಟ್ ಅವರ ತೊದಲು ಮಾತನ್ನು ಕೇಳಿ ಅರ್ಥಮಾಡಿಕೊಳ್ಳುವ ತಾಳ್ಮೆ ಅವರ ಶಿಷ್ಯರಿಗೆ ಇದ್ದುದರಿಂದಲೇ ಅವರ ವಿದ್ಯೆ ಅಷ್ಟೊಂದು ರೋಗಿಗಳಿಗೆ ಮುಟ್ಟಿತು. ಎಲುಬು ಮತ್ತು ಖನಿಜಗಳ ಸಂಶೋಧನೆಯಲ್ಲಿ ತೊಡಗಿದ ಅಮೆರಿಕದ ವಿಜ್ಞಾನಿಗಳ ಸಂಘವು ಯುವ ಸಂಶೋಧಕರಿಗೆ ಕೊಡುವ ಒಂದು ಪ್ರಶಸ್ತಿಗೆ ಅವರ ಹೆಸರನ್ನು ಇಟ್ಟಿದೆ. ಕಿರಿಯರನ್ನು ಮುಂದೆ ನಿಲ್ಲಿಸಿದ ಹಿರಿಯರಿಗೆ ಇದು ತಕ್ಕ ಗೌರವ.